ಚಿಲುಮೆಯ ಮುಂದೆ ನಿಲ್ಲಬೇಕಾದ ಕಾರು

ಗುಳ್ಳೆಯೊಂದು ಬಾಟಲಿಯ ತಳದಿಂದ ಬಿಡಿಸಿಕೊಂಡು ಮೇಲಕ್ಕೆ ಹೊರಟಿತು, ಕಿಟಕಿಯ ಕಟ್ಟೆಯ ಮೇಲೆ ಯಾರೋ ಅರ್ಧ ಕುಡಿದು ಬಿಟ್ಟುಹೋದ ನಿಂಬೆ ಸೋಡಾ, ಬಿಸಿಲು ಅದರೊಳಗೇ ಬಂದು ಕೂತಿದೆ, ಗುಳ್ಳೆಗೆ ಆತುರವೇನೂ ಇಲ್ಲ, ಆದರೆ ಎಲ್ಲೂ ನಿಲ್ಲುವುದೂ ಇಲ್ಲ, ಸೀದಾ ಕತ್ತಿನ ತನಕ ಏರಿ ಅಲ್ಲಿ ಒಂದು ಗಳಿಗೆ ಅಂಟಿಕೊಂಡಿದ್ದು ಇಲ್ಲವಾಯಿತು, ಹಿಂದೆಯೇ ಇನ್ನೊಂದು ಹೊರಟಿತು — ಮೂಗು ಕೆರೆಯಬೇಕು ಅನ್ನಿಸಿತು ತಾವುಸ್‌ಗೆ, ಆದರೆ ಯಾವ ಕೈಯಿಂದ, ಎರಡೂ ಅಂಗೈಗೆ ಮದರಂಗಿ ಮೆತ್ತಿ, ಬಿಳಿ ಬಟ್ಟೆ ಸುತ್ತಿ, ಮೇಲೆ ಕೆಂಪು ಚೀಲ ತೊಡಿಸಿ, ಮಣಿಕಟ್ಟಿಗೆ ದಾರ ಬಿಗಿದು ಹೋಗಿದ್ದಾರೆ, ನಾಳೆ ಬೆಳಿಗ್ಗೆ ತನಕ ನೀನು ರಾಣಿ ಕಣೇ, ಏನೂ ಮುಟ್ಟಬೇಡ, ಹೊಸ್ತಿಲು ದಾಟಬೇಡ ಅಂದಳು ಅಜ್ಜಿ, ರಾಣಿಗೆ ಮೂಗು ಕೆರೆದುಕೊಳ್ಳುವ ಭಾಗ್ಯವೂ ಇಲ್ಲ, ಕಿಟಕಿಯ ಚೌಕಟ್ಟಿಗೇ ಮೂಗು ತಿಕ್ಕಿದಳು, ಹಾಯೆನಿಸಿತು, ತಿಕ್ಕುವಾಗಲೇ ಕೆಳಗೆ ಅಂಗಳದಿಂದ ಅಪ್ಪನ ದನಿ, ಒತ್ತು, ಹಿಡ್ಕೋ, ಬಿಡು, ಮತ್ತೆ ಒತ್ತು — ಬೆಳಗಿನಿಂದ ಇದೇ ಪಾಠ, ಒಳಗೆ ಹೆಂಗಸರು ತಮಟೆ ಬಡಿದು ಹಾಡುತ್ತಿದ್ದಾರೆ, ಹೊರಗೆ ಅಪ್ಪ ತನ್ನ ಹಳೆಯ ಐನೂರ ನಾಲ್ಕು ಮಾದರಿಯ ಕಾರಿನ ಮುಂದಿನ ಚಕ್ರ ಬಿಚ್ಚಿ ಅದರ ಬುಡದಲ್ಲಿ ಮಲಗಿದ್ದಾನೆ, ಸ್ಟೇರಿಂಗಿನ ಹಿಂದೆ ಮೆಜ್ಯಾನ್ ಮಾವ, ಅವ್ವನ ತಮ್ಮ, ಚೇಳನ್ನು ಮೆಟ್ಟುವವನ ಹಾಗೆ ಬ್ರೇಕ್ ಮೆಟ್ಟುತ್ತಿದ್ದಾನೆ, ಹಾಗಲ್ಲ ಮಾವ ಹಾಗಲ್ಲ ಅಂದುಕೊಂಡಳು, ಮೆಲ್ಲಗೆ, ಪಾದವನ್ನು ಪೂರ್ತಿ ಇಟ್ಟು — ಆ ಜಾಗ ಅವಳದು. ಕಾಲು ಪೆಡಲಿಗೆ ಎಟುಕದಿದ್ದ ಕಾಲದಿಂದಲೂ ಅವಳದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದ ಅಪ್ಪ, ಅವಳು ಜಾರಿ ಜಾರಿ ಸೀಟಿನ ತುದಿಗೆ ಬಂದು, ಕಾರಿನ ಚಾವಣಿಯಷ್ಟೇ ಕಾಣುತ್ತ, ಒತ್ತು ಮಗಳೇ ಎಂದು ನೆಲದಡಿಯಿಂದ ದನಿ ಬಂದ ಕೂಡಲೇ ಒತ್ತುವಳು, ಹಿಡ್ಕೋ, ತೊಡೆ ನಡುಗುವ ತನಕ ಹಿಡಿಯುವಳು, ಬ್ರೇಕಿನ ಎಣ್ಣೆಯೊಳಗೆ ಸೇರಿದ್ದ ಗಾಳಿಯನ್ನು ಅಪ್ಪ ಕೆಳಗೆಲ್ಲೋ ಸ್ಸ್ ಎಂದು ಹೊರಬಿಡುವ ಸದ್ದು, ಪೆಡಲ್ ಕೆಸರಿನಲ್ಲಿ ಕಾಲಿಟ್ಟಂತೆ ಇಳಿಯುವುದು, ಅಕ್ಷರ ಕಲಿಯುವ ಮೊದಲೇ ಅವಳು ಆ ಕಾರನ್ನು ಅಂಗಾಲಿನಿಂದ ಓದಿದ್ದಳು, ಈಗ ನೋಡಿದರೆ ರಾಣಿಯಂತೆ, ಮೇಲೆ ಕೂತಿದ್ದಾಳೆ.

ನಗು ಬಂತು ಅವಳಿಗೆ, ಈ ಎಲ್ಲ ಗೋಳೂ ಶುರುವಾದದ್ದು ಕಹೀನಾಳ ಮದುವೆಯಿಂದ — ಕಹೀನಾ ಅಂದರೆ ದೊಡ್ಡಪ್ಪನ ಮಗಳು, ಹೋದ ವರ್ಷ ಅವಳ ದಿಬ್ಬಣಕ್ಕೆ ಅಪ್ಪನ ಕಾರೇ ಮುಂದೆ, ಊರಿನ ಯಾವ ಮದುಮಗಳೇ ಆಗಲಿ, ಗುಡ್ಡ ಇಳಿಯುವಾಗ ಊರ ಕೆಳಗಿನ ಚಿಲುಮೆಯ ಮುಂದೆ ಕಾರು ನಿಲ್ಲಬೇಕು, ಅವಳು ಹುಟ್ಟಿದೂರಿನ ನೀರು ಕುಡಿದೇ ಮುಂದೆ ಹೋಗಬೇಕು, ಅವ್ವ ಕುಡಿದು ಬಂದವಳು, ಅಜ್ಜಿ ಹೇಸರಗತ್ತೆಯ ಮೇಲೆ ಕೂತು ಕುಡಿದು ಬಂದವಳು — ಕಹೀನಾಳ ದಿನ ಕಾರಿನ ತುಂಬ ದಪ್ಪ ದಪ್ಪ ಚಿಕ್ಕಮ್ಮಂದಿರು, ಡಿಕ್ಕಿಯ ತುಂಬ ಉಣ್ಣೆಯ ಕಂಬಳಿ, ಹಾರ್ನ್ ಬಾರಿಸುತ್ತ ಬಾರಿಸುತ್ತ ಇಳಿಜಾರಿನಲ್ಲಿ ಬಂದ ಅಪ್ಪ ಬ್ರೇಕ್ ಒತ್ತಿದ, ಒತ್ತಿಯೇ ಇದ್ದ, ಕಾರು ಕೂರಲು ಜಾಗ ಹುಡುಕುವ ಮುದುಕನ ಹಾಗೆ ನಿಧಾನಿಸಿ ನಿಧಾನಿಸಿ ಚಿಲುಮೆ ದಾಟಿತು, ಅಂಜೂರದ ಮರ ದಾಟಿತು, ಶಾಲೆಯ ಗೋಡೆಯ ಹತ್ತಿರ ಹೋಗಿ ನಿಂತಿತು, ಹಿಂದೆ ಹೂಜಿ ಹಿಡಿದು ಓಡಿದವರೆಲ್ಲ ಮುದುಕಿಯರು, ಅರ್ಧ ನೀರು ರಸ್ತೆಗೆ, ಉಳಿದರ್ಧ ಅಜ್ಜಿಯ ಮೈಮೇಲೆ, ಕಹೀನಾ ನಗುತ್ತ ನಗುತ್ತ ಹೂಜಿ ಬೋರಲು ಹಾಕಿ ಅದರ ತಳದ ಹನಿ ನೆಕ್ಕಿದಳು, ಯಾರಿಗೂ ಏನೂ ಆಗಲಿಲ್ಲ, ಆದರೆ ಅಂದಿನಿಂದ ಗುಡ್ಡದ ಏಳೂರಿಗೂ ಅಪ್ಪ ನಿಲ್ಲದ ಬೆಲಾಯಿದ್, ಸಂತೆಗೆ ಹೋದರೂ, ಮಸೀದಿಗೆ ಹೋದರೂ, ದಾರಿ ಬಿಡ್ರಪ್ಪಾ ನಿಲ್ಲದ ಬೆಲಾಯಿದ್ ಬಂದ. ಅವ್ವ ಆವತ್ತೇ ಹೇಳಿಬಿಟ್ಟಳು, ನನ್ನ ಮಗಳು ಈ ಕಾರಲ್ಲಿ ಕೂರಬೇಕಾದ್ರೆ ಇದು ನನ್ನ ಕಣ್ಣೆದುರಿಗೆ ಚಿಲುಮೆ ಹತ್ರ ನಿಂತು ತೋರಿಸ್ಲಿ, ಇಲ್ದಿದ್ರೆ ಗಂಡಿನ ಕಡೆಯ ಬಿಳೀ ಕಾರು ಬರುತ್ತೆ, ಅದರಲ್ಲಿ ಹೋಗ್ಲಿ — ಅವ್ವ ಒಂದು ಮಾತು ಹೇಳಿದರೆ ಮುಗಿಯಿತು, ಅಪ್ಪ ವಾದ ಮಾಡಲಿಲ್ಲ, ಅಪ್ಪ ವಾದ ಮಾಡುವವನೇ ಅಲ್ಲ, ಆದರೆ ಒಂದು ಸಂಜೆ ಆಲಿವ್ ಮರದ ಕೆಳಗೆ ಅವಳೊಬ್ಬಳೇ ಇದ್ದಾಗ ಹೇಳಿದ್ದ, ನೀನು ಹುಟ್ಟಿದಾಗ ಆಸ್ಪತ್ರೆಯಿಂದ ಈ ಕಾರಲ್ಲೇ ಗುಡ್ಡ ಹತ್ತಿಸ್ಕೊಂಡು ಬಂದೆ ಮಗಳೇ, ಇಳಿಸೋದೂ ನಾನೇ ಇಳಿಸ್ಬೇಕು ಅಂತ ಆಸೆ — ಅಷ್ಟೇ, ಹೇಳಿ ಕೈ ಒರೆಸಿಕೊಂಡು ಎದ್ದುಹೋದ, ಮರುದಿನವೇ ಮಾವನನ್ನು ಕಟ್ಟಿಕೊಂಡು ಗುಜರಿಗೆ. ಅಲ್ಲೊಂದು ಐನೂರ ಐದು ಸಿಕ್ಕಿತು, ಅದೇ ಕಂಪನಿಯ ಮುಂದಿನ ಮಾದರಿ, ತಮ್ಮನ ಕಾಲು ಅಣ್ಣನಿಗೆ ಅಂದ ಮಾವ, ಅದರ ದಪ್ಪ ಡಿಸ್ಕು, ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ದೊಡ್ಡ ಕ್ಯಾಲಿಪರ್‌ಗಳು, ಎರಡು ರೊಟ್ಟಿಯಷ್ಟು ಅಗಲ, ಅಪ್ಪ ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ಹೊಳಪು ತರಿಸಿದ, ಹಳೇ ಕಾರಿಗೆ ಅವು ನೇರ ಕೂರುವುದಿಲ್ಲವಲ್ಲ, ಕಿಟಕಿ ಸರಳು ಬೆಸೆಯುವ ಮಾವ ತನ್ನ ಶೆಡ್ಡಿನಲ್ಲಿ ದಪ್ಪ ಉಕ್ಕಿನ ಪಟ್ಟಿ ಕತ್ತರಿಸಿ ತೂತು ಹೊಡೆದು ಕೊಟ್ಟ, ಐನೂರ ಐದರಲ್ಲಿ ಅಚ್ಚಿನ ಹಿಂದೆ ಕೂತಿದ್ದ ಕ್ಯಾಲಿಪರ್ ಇಲ್ಲಿ ಅಚ್ಚಿನ ಮುಂದೆ ಬಂತು, ಜಾಗ ಇದ್ದದ್ದು ಅಲ್ಲೇ, ಮತ್ತೆ ಅದಲುಬದಲಾಗಿ ಮಾನ ಹೋಗಬಾರದು ಅಂತ ಗುಜರಿಯಲ್ಲೇ ಮಾವ ಕೆಂಪು ಬಣ್ಣದ ಕುಂಚ ಹಿಡಿದು ಬಲಗಡೆಯದಕ್ಕೆ ಬಲ, ಎಡಗಡೆಯದಕ್ಕೆ ಎಡ ಎಂದು ದುಂಡಗೆ ಬರೆದಿದ್ದ, ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟಿದ್ದ, ಮದುವೆ ಮನೆಯ ಗೋಡೆಗೆ ಚಿತ್ತಾರ ಬರೆದವನ ಹಾಗೆ.

ಒತ್ತು, ಹಿಡ್ಕೋ, ಬಿಡು, ಇನ್ನೂ ಮೆತ್ತಗಿದೆಯಾ ಅಂತ ಅಪ್ಪ ಕೇಳಿದ, ರೊಟ್ಟಿ ಹಿಟ್ಟು ತುಳಿದ ಹಾಗಿದೆ ಭಾವ ಅಂದ ಮಾವ — ಎಣ್ಣೆ ಬದಲಿಸಿ ಆಯಿತು, ಹೋಸು ಬದಲಿಸಿ ಆಯಿತು, ಒಳಗಿನ ರಬ್ಬರು ಹೊಸದು, ಪೆಡಲ್ ಮಾತ್ರ ನೆಲಕ್ಕೆ ಇಳಿಯುತ್ತದೆ, ಎಣ್ಣೆಯೊಳಗೆ ಎಲ್ಲೋ ಗಾಳಿ ಉಳಿದಿದೆ, ಕುಸ್‌ಕುಸ್‌ನ ದೊಡ್ಡ ತಟ್ಟೆ ಹೊತ್ತು ಅಂಗಳ ದಾಟುತ್ತಿದ್ದ ಅವ್ವ ನಿಲ್ಲದೆಯೇ ಕೇಳಿದಳು, ಏನಂತೆ, ನಿಂತಿತೋ ನಿಮ್ಮ ಕಾರು, ಬೆಳಗಿಂದ ಒಂದಿಂಚೂ ಅಲ್ಲಾಡಿಲ್ಲ ಅಕ್ಕ, ಇದಕ್ಕಿಂತ ಚೆನ್ನಾಗಿ ನಿಲ್ಲೋಕೆ ಯಾರಿಂದ ಸಾಧ್ಯ ಅಂದ ಮಾವ, ಅವ್ವ ನಗಲಿಲ್ಲ, ನಕ್ಕಳು, ತಟ್ಟೆಯ ಹಿಂದೆ ಮುಖ ಮರೆಸಿ ನಕ್ಕದ್ದು ಮೇಲಿನಿಂದ ತಾವುಸ್‌ಗೆ ಕಂಡಿತು, ನಗುತ್ತಾಳೆ ಆದರೆ ಬಿಡುವುದಿಲ್ಲ, ಬಿಳೀ ಕಾರು ಗಂಡಿನೂರು ಬೆಜಾಯಾದಿಂದ ನಾಳೆ ಬೆಳಿಗ್ಗೆಯೇ ಹೊರಡುತ್ತದೆ, ಹೂವು ಸುತ್ತಿಕೊಂಡು, ಅದರ ಸೀಟಿಗೆ ಇನ್ನೂ ಪ್ಲಾಸ್ಟಿಕ್ ಇದೆಯಂತೆ, ಘಿಲೆಸ್ ಫೋನಿನಲ್ಲಿ ಹೇಳಿದ್ದ, ಹೇಳಿ, ಆದ್ರೆ ನಂಗೆ ನಿಮ್ಮಪ್ಪನ ಕಾರೇ ಇಷ್ಟ ಅಂದಿದ್ದ, ಒಳ್ಳೆಯವನು ಘಿಲೆಸ್, ಗಂಡ ಆಗುವವನನ್ನು ನೆನೆದರೆ ನಗು ಪುಟಿಯುತ್ತದೆ, ತಳದಿಂದ ಬಿಡಿಸಿಕೊಂಡು ಮೇಲಕ್ಕೆ — ಬಾಟಲಿಯಲ್ಲಿ ಮತ್ತೊಂದು ಗುಳ್ಳೆ ಹೊರಟಿತು, ಕತ್ತಿಗೆ ಹೋಗಿ ನಿಂತಿತು, ಕೆಳಗೆ ಅಪ್ಪ ಸ್ಪ್ಯಾನರ್ ಹಿಡಿದು ಕೆನ್ನೆಯನ್ನು ನೆಲಕ್ಕೆ ಆನಿಸಿ ಮಲಗಿದ್ದಾನೆ, ಪಾಪ, ಗಡ್ಡದ ತುಂಬ ಮಣ್ಣು, ಯಾಕೆ ಹಾಗೆ ಮಲಗಿದ್ದಾನೆ, ಮೊದಲೆಲ್ಲ ಗಾಳಿ ತೆಗೆಯುವಾಗ ಅವನು ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದ, ಅವಳು ಸೀಟಿನಿಂದ ಬಗ್ಗಿ ನೋಡಿದರೆ ಟೋಪಿಯ ತುದಿ ಕಾಣುತ್ತಿತ್ತು, ಗಾಳಿ ಬಿಡುವ ಸ್ಕ್ರೂ ಮೇಲ್ಗಡೆ ಇರುತ್ತಿತ್ತಲ್ಲ, ಈಗ ಕೆನ್ನೆ ನೆಲಕ್ಕೆ, ಸ್ಪ್ಯಾನರ್ ಕ್ಯಾಲಿಪರಿನ ಅಡಿಗೆ — ಅಡಿಗೆ — ಗುಳ್ಳೆ ಕತ್ತಿನಲ್ಲಿದೆ, ಬಾಟಲಿಯ ಬಾಯಿ ಮೇಲಿದೆ, ಬಾಟಲಿಯನ್ನು ಬೋರಲು ಹಿಡಿದರೆ ಸೋಡಾ ಸುರಿದೀತು, ಆ ಗುಳ್ಳೆ ತಳದಲ್ಲೇ ಕೂತಿದ್ದೀತು — ಅಯ್ಯೋ ದೇವರೇ, ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ, ದುಂಡಗೆ ಬರೆದ ಕೆಂಪಕ್ಷರ.

ಅಪ್ಪಾ ಎಂದು ಕೂಗಿದಳು, ಅದೇ ಹೊತ್ತಿಗೆ ಒಳಗೆ ಹೆಂಗಸರೆಲ್ಲ ಸೇರಿ ನಾಲಿಗೆ ಹೊರಳಿಸಿ ಕೇಕೆ ಹಾಕಬೇಕೇ, ಕೂಗು ಅದರಲ್ಲಿ ಎಲ್ಲಿ ಹೋಯಿತೋ, ಮದುಮಗಳೂ ಕುಣಿಯೋಕೆ ಎದ್ದಳು ನೋಡ್ರೇ ಅಂದರು ಯಾರೋ, ಅವಳು ಮೊಣಕೈಯಿಂದ ಬಾಗಿಲು ದೂಡಿ ಮೆಟ್ಟಿಲಿಗೆ ಓಡಿದಳು, ಕೆಂಪು ಚೀಲದ ಎರಡೂ ಕೈ ಮೇಲೆತ್ತಿಕೊಂಡು, ಬರಿಗಾಲಿನಲ್ಲಿ, ಮೆಟ್ಟಿಲ ಬುಡದಲ್ಲಿ ಅವ್ವ, ಎಲ್ಲಿಗೆ, ಕೈಯಲ್ಲಿ ಮದರಂಗಿ ಇದೆ, ಹೊಸ್ತಿಲು ದಾಟಿದ್ರೆ ಏನಾಗುತ್ತೆ ಗೊತ್ತಾ — ಏನಾಗುತ್ತದೆಂದು ಅವ್ವನಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಈ ತನಕ ಯಾರೂ ದಾಟಿಲ್ಲವಲ್ಲ, ಆಗ ಮೂಲೆಯ ಕುರಿಚರ್ಮದ ಮೇಲಿಂದ ಅಜ್ಜಿ ಬಾಯಿ ಬಿಟ್ಟಳು, ಹೊಸ್ತಿಲು ಅಂದ್ರೆ ಹೊರಗಿನ ಗೇಟು, ಅಂಗಳ ಮನೇದೇ, ನನ್ನ ಮದರಂಗಿ ದಿನ ನಾನು ಅಂಗಳದಲ್ಲಿ ಕೋಳಿ ಅಟ್ಟಿದ್ದೀನಿ, ಬಿಡು ಅವಳನ್ನ — ಅಜ್ಜಿಗೆ ಮುತ್ತು ಕೊಡಬೇಕು, ಆಮೇಲೆ, ಅಂಗಳದ ಕಲ್ಲು ಅಂಗಾಲಿಗೆ ಬೆಚ್ಚಗೆ ತಾಗಿತು, ಅಪ್ಪ ತಲೆಯೆತ್ತಿದ, ಗಾಳಿ ಮೇಲೆ ಹೋಗುತ್ತೆ ಅಪ್ಪಾ, ನೀವಿಬ್ರೂ ಅದಕ್ಕೆ ಬಾಗಿಲು ಕೆಳಗಿಟ್ಟಿದ್ದೀರಿ ಅಂದಳು, ಮಾವ ಪಟ್ಟು ಬಿಡಲಿಲ್ಲ, ಬಲದ್ದನ್ನ ಬಲಕ್ಕೇ ತಾನೇ ಹಾಕೋದು, ನಾನೇ ಬರೆದಿದ್ದೀನಿ ನೋಡು, ನೀನು ಬರೆದದ್ದು ಸರಿ ಮಾವ, ಅದು ಹಿಂದೆ ಇದ್ದಾಗ ಬಲ, ಈಗ ನೀನೇ ಮುಂದೆ ತಂದು ಇಟ್ಟಿದ್ದೀಯಲ್ಲ, ಮುಂದಿಟ್ಟರೆ ತಲೆಕೆಳಗಾಗುತ್ತೆ, ಎಡದ್ದು ಈ ಕಡೆ ಬಂದ್ರೆ ಸ್ಕ್ರೂ ಮೇಲೆ ಬರುತ್ತೆ. ಅಪ್ಪ ಕ್ಯಾಲಿಪರಿನ ಅಡಿಯಲ್ಲಿ ಬೆರಳಾಡಿಸಿದ, ಮೇಲೆ ಆಡಿಸಿದ, ಮಾವನ ಮುಖ ನೋಡಿದ, ಆಮೇಲೆ ನಗಲು ಶುರುಮಾಡಿದವನು ಕೆಮ್ಮು ಬರುವ ತನಕ ನಿಲ್ಲಿಸಲಿಲ್ಲ, ನಗುತ್ತಲೇ ಬೋಲ್ಟು ಬಿಚ್ಚಿದ, ಎಡದ್ದು ಬಲಕ್ಕೆ ಬಂತು, ಬಲದ್ದು ಎಡಕ್ಕೆ ಹೋಯಿತು, ಕೆಂಪಕ್ಷರ ಎರಡೂ ಕಡೆ ಸುಳ್ಳು ಹೇಳುತ್ತ ಕೂತವು, ಅಪ್ಪ ಕುಕ್ಕರಗಾಲಿನಲ್ಲಿ ಕೂತ, ಮೆಜ್ಯಾನ್ ಇಳಿ ಕೆಳಗೆ, ಅವಳು ಕೂತ್ಕೊಳ್ಳಲಿ ಅಂದ.

ಸೀಟಿನ ಹರಿದ ಹೊಲಿಗೆ ಅಲ್ಲೇ ಇದೆ, ಈಗ ದಿಂಬು ಬೇಡ, ಕಾಲು ಎಟುಕುತ್ತದೆ, ಕೈ ಮಾತ್ರ ಮೇಲೆ, ಅಂಗಾಲಿನಡಿ ಪೆಡಲಿನ ತಣ್ಣನೆಯ ಗೀರು ಗೀರು — ಒತ್ತು ಮಗಳೇ, ಒತ್ತಿದಳು, ಹಿಡ್ಕೋ, ಹಿಡಿದಳು, ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳ ಸಾಲೇ ಹೊರಟಿತು ಎಂದು ಮಾವ ವರದಿ ಕೊಡುತ್ತಿದ್ದಾನೆ, ಬಂತು ಬಂತು, ಇನ್ನೂ ಬಂತು, ಇದೇನು ಸೋಡಾ ಅಂಗಡೀನಾ, ಬಿಡು, ಒತ್ತು, ಈಗ ಒಂದೇ, ಈಗ ಇಲ್ಲ, ಬರೀ ಎಣ್ಣೆ — ಮತ್ತು ಪೆಡಲ್ ಅವಳ ಕಾಲನ್ನು ಮೇಲಕ್ಕೆ ತಳ್ಳಿ ನಿಂತಿತು, ಗಟ್ಟಿ, ಕಲ್ಲಿನಷ್ಟು ಗಟ್ಟಿ, ಅಪ್ಪಾ ಗಟ್ಟಿಯಾಯ್ತು ಅಂದಳು, ದನಿ ತನ್ನದೋ ದಿಂಬಿಗೆ ಒರಗಿದ ಆ ಹುಡುಗಿಯದೋ ಗೊತ್ತಾಗಲಿಲ್ಲ, ಖುಷಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಇಲ್ಲ, ಹರಿಯಲಿ. ಚಕ್ರ ಹಾಕಿ, ಅವಳನ್ನು ಪಕ್ಕಕ್ಕೆ ಸರಿಸಿ ಕೂತು, ಅಪ್ಪ ಅಂಗಳದಲ್ಲೇ ಮುಂದೆ ಬಿಟ್ಟು ಒತ್ತಿದ, ಜೊತೆಗೆ ಹತ್ತಿದ್ದ ಮಾವನ ಟೋಪಿ ಕಳಚಿ ಗಾಜಿಗೆ ಬಿತ್ತು, ಅವ್ವ ಮಾತ್ರ ಅಲ್ಲಾಡಲಿಲ್ಲ, ಅಂಗಳದಲ್ಲಿ ಕತ್ತೆನೂ ನಿಲ್ಲುತ್ತೆ, ಇಳಿಜಾರಲ್ಲಿ ತೋರಿಸಿ ಅಂದಳು, ಒಳಗೆ ಹೋಗಿ ಕಿಟಕಿಯ ಮೇಲಿದ್ದ ಆ ಸೋಡಾ ಬಾಟಲಿಯನ್ನೇ ತೊಳೆದು ಹಿಡಿದುಕೊಂಡು ಮೆಟ್ಟಿಲ ದಾರಿಯಲ್ಲಿ ಚಿಲುಮೆಗೆ ನಡೆದೇಬಿಟ್ಟಳು, ತಾವುಸ್ ಸೀಟು ಹಾರಿ ಹಿಂದಕ್ಕೆ ಬಂದು ಕೂತಳು, ಗೇಟು ದಾಟಬಹುದೇ, ಕಾಲು ನೆಲಕ್ಕೆ ತಾಗಬಾರದು ಅಷ್ಟೇ, ಚಕ್ರ ತಾಗಬಹುದು ಎಂದು ಅಜ್ಜಿ ಬಾಗಿಲಿನಿಂದ ತೀರ್ಪು ಕೊಟ್ಟಳು, ತಾನೂ ಬಂದು ಹತ್ತಿದಳು, ಅವಳ ಹಿಂದೆ ಯಾರು ಯಾರೋ ಚಿಕ್ಕಮ್ಮಂದಿರು, ಕಾರು ತುಂಬಿ ಕುಸಿಯಿತು, ಒಳ್ಳೇದೇ, ಭಾರ ಇದ್ದರೇ ಪರೀಕ್ಷೆ, ಅಪ್ಪ ಮೊದಲ ತಿರುವಿನಲ್ಲಿ ಒತ್ತಿ ನೋಡಿದ, ಎರಡನೆಯದರಲ್ಲಿ ಒತ್ತಿ ನೋಡಿದ, ಶಿಳ್ಳೆ ಹಾಕತೊಡಗಿದ, ಬಾದಾಮಿ ಮರ, ಕೆಳಗೆ ದೂರದಲ್ಲಿ ಕಡಲಿನ ಒಂದು ಚೂರು, ಕೊನೆಯ ಇಳಿಜಾರು, ಚಿಲುಮೆಯ ಕಲ್ಲುಕಟ್ಟೆ, ಅದರಿಂದ ಎರಡು ಹೆಜ್ಜೆ ಮುಂದೆ, ರಸ್ತೆಯ ನಟ್ಟನಡುವೆ, ಚಿಲುಮೆಯ ನೀರು ತುಂಬಿದ ಬಾಟಲಿ ಹಿಡಿದ ಅವ್ವ — ದೇವರೇ, ಸರಿಯಾಗಿ ಅಲ್ಲೇ ಹೋಗಿ ನಿಲ್ಲಬೇಕೇ, ಸರಿಯುವವಳಲ್ಲ, ಅಪ್ಪನ ಶಿಳ್ಳೆ ನಿಂತಿತು, ಅಪ್ಪನ ಮಂಡಿ ಮೆಲ್ಲಗೆ ನೆಟ್ಟಗಾಯಿತು, ಪಾದವನ್ನು ಪೂರ್ತಿ ಇಟ್ಟು, ಎಲ್ಲರೂ ಒಟ್ಟಿಗೆ ಮುಂದಕ್ಕೆ ಬಾಗಿದರು, ಒಟ್ಟಿಗೆ ಹಿಂದಕ್ಕೆ ಒರಗಿದರು, ಕಾರು ನಿಂತಿದೆ. ತಾವುಸ್‌ಳ ಕಿಟಕಿಯ ನೇರಕ್ಕೇ ಚಿಲುಮೆ, ನೀರು ಬೀಳುವ ಸದ್ದು ಕೇಳಿಸುತ್ತದೆ, ಚಿಕ್ಕಮ್ಮಂದಿರ ಕೇಕೆ ಇನ್ನೂ ಶುರುವಾಗಿಲ್ಲ, ಅವ್ವ ಕಿಟಕಿಯ ಹತ್ತಿರ ಬಂದಳು, ತಾವುಸ್ ಬಾಯಿ ಮುಂದೆ ಮಾಡಿದಳು, ಇವತ್ತಲ್ಲ ಕಣೇ, ಇದು ನಾಳೆಗೆ ಅಂದಳು ಅವ್ವ, ಮತ್ತೆ ಅಪ್ಪನಿಗೆ, ಆ ಬಿಳೀ ಕಾರು ಹಿಂದೆ ಬರ್ಲಿ, ಮುಂದೆ ನೀವೇ — ಹೇಳುತ್ತ ಹೇಳುತ್ತ ದನಿ ಒಡೆಯಿತು, ಬಾಟಲಿಯನ್ನು ಬಾನೆಟ್ಟಿನ ಮೇಲಿಟ್ಟು ತಲೆವಸ್ತ್ರದ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು, ಅಪ್ಪ ಸ್ಟೇರಿಂಗಿನಿಂದ ಕೈ ತೆಗೆಯದೆ ನಗುತ್ತಲೇ ಇದ್ದಾನೆ, ಇಷ್ಟು ದಿನ ತಾವುಸ್‌ಗೆ ಇದ್ದದ್ದು ಒಂದೇ ಯೋಚನೆ, ಕಾರು ನಿಲ್ಲಬೇಕು, ನಿಲ್ಲಬೇಕು, ನಿಂತ ಮೇಲೆ, ನೀರು ಕುಡಿದ ಮೇಲೆ, ಅದು ತನ್ನನ್ನು ಈ ಊರಿನಿಂದ ಕರೆದುಕೊಂಡು ಮತ್ತೆ ಹೊರಡುತ್ತದೆ ಎಂದು ಒಂದು ಸಲವೂ ಹೊಳೆದಿರಲಿಲ್ಲ, ಇದು ಖುಷಿಯೋ ಇನ್ನೊಂದೋ ತಿಳಿಯಲಿಲ್ಲ, ಇಂಜಿನ್ ಇನ್ನೂ ನಡೆಯುತ್ತಿದೆ, ಬಾನೆಟ್ಟು ಮೆಲ್ಲಗೆ ನಡುಗುತ್ತಿದೆ, ಅದರ ಮೇಲೆ ಬಾಟಲಿ, ಬಾಟಲಿಯೊಳಗೆ ಊರಿನ ನೀರು, ತಳಕ್ಕೆ ಅಂಟಿಕೊಂಡಿದ್ದ ಒಂದು ಗುಳ್ಳೆ ಬಿಡಿಸಿಕೊಂಡಿತು, ಬಿಸಿಲಿನಲ್ಲಿ ಮೇಲಕ್ಕೆ, ಸೀದಾ ಮೇಲಕ್ಕೆ, ಕತ್ತಿನ ತನಕ ಬಂದು ನಿಂತಿದೆ, ಇನ್ನೂ ಒಡೆದಿಲ್ಲ, ಇನ್ನೂ ಒಡೆದಿಲ್ಲ