ಪೂರಿಗಾಲಿಯ ಮಧ್ಯಾಹ್ನದ ಪಾಠ

ನಾಗರತ್ನ ಮಂಡ್ಯದ ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರಿಗಾಲಿಯ ಮನೆಗೆ ಬಂದಾಗ ಅತ್ತೆ ದೇವಿರಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ವಿಷಯ ಕೇಳಿಯೂ ಅವರ ಕೈ ನಿಲ್ಲಲಿಲ್ಲ.

"ಗೌರ್ಮೆಂಟು ಕೆಲ್ಸ ಬುಟ್ಟು ಯೋಗ ಏಳ್ಕೊಡ್ತೀಯಾ? ಯಾರ್ಗೆ?"

"ನಮ್ಮೂರ ಎಂಗಸ್ರಿಗೇ ಅತ್ತೆ."

"ನಮ್ಮೂರ ಎಂಗಸ್ರು ಗದ್ದೇಲಿ ಮಾಡೋದು ಇನ್ನೇನು?" ಎಂದವರು ಆಮೇಲೆ ಸೊಸೆಯ ಜೊತೆ ಮಾತೇ ಬಿಟ್ಟರು.

ಗಂಡ ಮಹದೇವಸ್ವಾಮಿ ಮಾತ್ರ ಮೊದಲೇ ಒಪ್ಪಿದ್ದ. ಕಚೇರಿಯ ಕುರ್ಚಿಯೂ ಮಂಡ್ಯದ ಬಸ್ಸೂ ಸೇರಿ ಹಾಳು ಮಾಡಿದ್ದ ಹೆಂಡತಿಯ ಸೊಂಟ ಯೋಗದಿಂದ ಸರಿಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ರಜೆಯ ದಿನಗಳಲ್ಲೆಲ್ಲ ಅವಳು ಯೋಗ ಶಿಕ್ಷಕಿಯ ತರಬೇತಿಗೆ ಹೋಗುತ್ತಿದ್ದಳು. ಹೋಗಿ ಬಂದ ಸಂಜೆ ಹಾಡಿಕೊಂಡೇ ಮುದ್ದೆ ತಿರುವುತ್ತಿದ್ದಳು. ಕಚೇರಿಯಿಂದ ಬಂದ ಸಂಜೆ ಹಾಗಿರುತ್ತಿರಲಿಲ್ಲ.

ಮಧ್ಯಾಹ್ನದ ಊಟವಾಗಿ ಬಹಳ ಹೊತ್ತಾದ ಮೇಲೆ ಊರಿನ ಸಮುದಾಯ ಭವನದಲ್ಲಿ ಮೊದಲ ಪಾಠ. ಕುತೂಹಲಕ್ಕೆ ಬಂದ ಏಳೆಂಟು ಹೆಂಗಸರಿಗೆ ನಾಗರತ್ನ ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟಲು ಹೇಳಿದಳು. ಎದುರುಮನೆಯ ಚಿಕ್ಕಬೋರಮ್ಮ ಸಲೀಸಾಗಿ ಮುಟ್ಟಿ, ಹಾಗೇ ತಲೆ ಎತ್ತಿ ಕೇಳಿದಳು:

"ಬೆಳಗ್ಗಿಂದ ನಾಟಿ ಆಕಿ ಬಗ್ಗಿ ಬಗ್ಗಿ ಬಂದಿವ್ನಿ. ಇಲ್ಲೂ ಬಗ್ಗುಸ್ತೀಯಲ್ಲ ಕಣಮ್ಮಿ?"

ಎಲ್ಲರೂ ನಕ್ಕರು. ನಾಗರತ್ನಳಿಗೂ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ತರಬೇತಿಯಲ್ಲಿ ಕಲಿತ ಕ್ರಮವನ್ನೆಲ್ಲ ಪಕ್ಕಕ್ಕಿಟ್ಟು, "ಸರಿ, ಎಲ್ರೂ ಅಂಗಾತ ಮಲಿಕೊಳ್ಳಿ" ಎಂದಳು.

"ಅಗಲೊತ್ತಲ್ಲಾ? ಯಾರಾರ ಕಂಡ್ರೆ?"

"ಬಾಗ್ಲು ಆಕಿವ್ನಿ."

ಅನುಮಾನದಲ್ಲೇ ಮಲಗಿದರು. ಪಾದ ಸಡಿಲ ಬಿಡಿ, ಮಂಡಿ ಸಡಿಲ ಬಿಡಿ ಎಂದು ಅವಳು ಮೆಲ್ಲಗೆ ಹೇಳುತ್ತ ಹೋದಳು. ಸೊಂಟಕ್ಕೆ ಬರುವಷ್ಟರಲ್ಲಿ ಚಿಕ್ಕಬೋರಮ್ಮ ಗೊರಕೆ ಹೊಡೆಯುತ್ತಿದ್ದಳು.

ಮರುದಿನ ಭವನ ತುಂಬಿತು. ವಾರ ಕಳೆಯುವಷ್ಟರಲ್ಲಿ ಬೀದಿಯ ಜಗುಲಿಗಳೆಲ್ಲ ಖಾಲಿ. ಮಾತಿಗೆ ಯಾರೂ ಸಿಗದೆ ಬೇಜಾರಾದ ದೇವಿರಮ್ಮ ಒಂದು ಮಧ್ಯಾಹ್ನ ಭವನದ ಬಾಗಿಲು ತಳ್ಳಿ ನೋಡಿದರು. ಸಾಲಾಗಿ ಮಲಗಿದ್ದಾರೆ ಎಲ್ಲರೂ.

"ಇದೇನಮ್ಮಿ, ಊರ್ನೇ ಮಲಗ್ಸಿದ್ದೀಯ?"

"ನೀವೂ ಬನ್ನಿ ಅತ್ತೆ."

"ನಂಗೇನಾಗದೆ?" ಎಂದರೂ ದೇವಿರಮ್ಮ ಗೋಡೆಯ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ಕಾಲು ಚಾಚಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಮಲಗಿಯೇಬಿಟ್ಟರು. ನಾಗರತ್ನ ಅವರ ತಲೆಯ ಕೆಳಗೆ ಮಡಿಸಿದ ಟವೆಲ್ಲು ಇಟ್ಟಳು.

ಮಿಕ್ಕವರೆಲ್ಲ ಎದ್ದು ಹೋದ ಮೇಲೂ ಅವರು ಮಲಗೇ ಇದ್ದರು. ಕಣ್ಣು ಬಿಟ್ಟಾಗ ಸೊಸೆ ಪಕ್ಕದಲ್ಲಿ ಕೂತಿದ್ದಳು.

"ಈ ಊರ್ಗೆ ಮದ್ವೆಯಾಗ್ ಬಂದ್ಮೇಲೆ ಅಗಲೊತ್ತು ನೆಲುಕ್ಕೆ ಬೆನ್ನು ಕೊಟ್ಟಿದ್ದೇ ಇಲ್ಲ ಕಣಮ್ಮಿ," ಎಂದರು ದೇವಿರಮ್ಮ. ಅತ್ತೆಯ ದನಿ ಇಷ್ಟು ಮೆತ್ತಗೆ ಕೇಳಿ ಬಹಳ ದಿನಗಳಾಗಿದ್ದವು. ನಾಗರತ್ನ ಅವರ ಕೈ ಹಿಡಿದು ಎಬ್ಬಿಸಿ ಕೂರಿಸಿದಳು.

"ನಾಳೆ ಯಾವೊತ್ಗೆ?"

"ಇದೇ ಒತ್ಗೆ ಅತ್ತೆ."

ಮಲಗುವುದಕ್ಕೆಂದು ಬಂದವರು ಬರಬರುತ್ತಾ ಉಸಿರಾಟ ಕಲಿತರು, ಬೆನ್ನನ್ನು ಹಿಂದಕ್ಕೆ ಬಾಗಿಸುವುದು ಕಲಿತರು. ಈಗ ಮಧ್ಯಾಹ್ನವಾದರೆ ದೇವಿರಮ್ಮನೇ ಬೀದಿಯ ಬಾಗಿಲುಗಳನ್ನು ತಟ್ಟುತ್ತಾ ಹೊರಡುತ್ತಾರೆ. ಮೊನ್ನೆ ಭವನದ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಂತರು. ಕಂಬವನ್ನೂ ಬಿಟ್ಟರು.

"ಯಾರೂ ನನ್ ನಗಿಸ್ಬ್ಯಾಡಿ," ಎಂದು ಗದರಿ, ಎಲ್ಲರಿಗಿಂತ ಮೊದಲು ತಾವೇ ನಕ್ಕುಬಿಟ್ಟರು.