ಹೊಳೆಗೆ ತಾಗಿದ ಮಡಿ

ಬೆಳಗ್ಗೆಯಿಂದ ಸೊಸೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅನ್ನಕ್ಕೆ ಎಸರಿಟ್ಟು ಹಿತ್ತಲಿಗೆ ಓಡುವಳು, ಹೊಳೆ ನೋಡುವಳು, ಬಂದು ಸೌಟು ಹಿಡಿಯುವಳು, ಮತ್ತೆ ಓಡುವಳು. ಅವಳ ತವರೂರನ್ನು ನುಂಗಿದ್ದು ಇದೇ ಹೊಳೆ. ಅದಕ್ಕೆ ಮುಂಚೆ ನೀರು ಹೀಗೇ ಕೆಂಪಾಗಿ, ಸದ್ದಿಲ್ಲದೆ ಹರಿದಿತ್ತು.

ಊರಿನ ಗದ್ದೆಗಳೆಲ್ಲ ಕೊಯ್ಲಾಗಿದ್ದವು. ಉಳಿದದ್ದು ಹೊಳೆಗೆ ತಾಗಿದ ಇವರ ಮಡಿಯೊಂದೇ. ಅಲ್ಲಿದ್ದದ್ದು ಅತ್ತೆಯ ಅತ್ತೆ ಜೋಪಾನ ಮಾಡಿಕೊಂಡು ಬಂದ ಕಪ್ಪು ಮೂತಿಯ ಭತ್ತ, ಬಿತ್ತನೆಗೆಂದೇ ಬೆಳೆದದ್ದು. ಕಣಜದ ಹಳೇ ಬೀಜಕ್ಕೆ ಹುಳ ಬಿದ್ದಿತ್ತು.

"ಅತ್ತೆ, ಇವತ್ತೇ ಕೊಯ್ದುಬಿಡೋಣ."

"ಕಾಳಲ್ಲಿ ಇನ್ನೂ ಹಾಲಿದೆ ಕಣೇ. ಈಗ ಕೊಯ್ದ್ರೆ ಮೊಳಕೆನೇ ಬರಲ್ಲ. ಕೋಳಿಗೆ ಹಾಕೋಕೆ ಬೆಳೆದಿದ್ದಾ?"

"ಹೊಳೆ ಹೊತ್ಕೊಂಡು ಹೋದ್ರೆ?"

"ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?"

ದೋಣಿಗೆ ಎಣ್ಣೆ ಬಳಿಯುತ್ತಿದ್ದ ಗಂಡನ ಕಡೆ ಸೊಸೆ ತಿರುಗಿದಳು. ಅವನು ತಲೆಯೆತ್ತಲಿಲ್ಲ. "ನನ್ನ ಯಾಕೆ ಕೇಳ್ತೀಯ? ಆ ಕಡೆ ವಾಲಿದ್ರೆ ಅಮ್ಮ, ಈ ಕಡೆ ವಾಲಿದ್ರೆ ನೀನು."

ಊಟವಾದ ಮೇಲೆ ಅವಳು ಯಾರಿಗೂ ಹೇಳದೆ ಕುಡುಗೋಲು ಹಿಡಿದು ಹೊರಟಳು. ಹೋಗಿ ನೋಡಿದರೆ ಬದುವಿನ ಮೇಲೆ ಅತ್ತೆ ಆಗಲೇ ಕುಡುಗೋಲು ಪಕ್ಕಕ್ಕಿಟ್ಟು ಕೂತಿದ್ದಾಳೆ! ಕಾಳೊಂದನ್ನು ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದಾಳೆ.

"ನಿನ್ನ ಚಡಪಡಿಕೆ ನಂಗೂ ಅಂಟ್ಕೊಳ್ತು," ಎಂದಳು ಅತ್ತೆ. "ಅರ್ಧ ಬಲಿತಿದೆ. ಇನ್ನರ್ಧ..."

ಮಾತು ಮುಗಿಯಲಿಲ್ಲ. ಬದುವಿನ ಬುಡದಿಂದ ನೀರು ಜಿನುಗಿತು, ನೋಡನೋಡುತ್ತ ಪಾದ ಮುಳುಗಿಸಿತು.

"ಏನ್ ನೋಡ್ತಾ ನಿಂತೆ? ಕೊಯ್ಯೇ!"

ಇಬ್ಬರೂ ಸೊಂಟ ಬಗ್ಗಿಸಿದರು. ಮೊಣಕಾಲುದ್ದ ನೀರಲ್ಲಿ ಕೈಗೆ ಸಿಕ್ಕಷ್ಟು ತೆನೆ ತರಿದು ಹೆಗಲಿಗೇರಿಸಿದರು. ಇವರ ಕೂಗು ಕೇಳಿ ಗಂಡ ದೋಣಿ ತಂದ, ಕಟ್ಟುಗಳನ್ನು ಅದಕ್ಕೆ ಎಸೆದರು. ಒಂದು ಮೂಲೆ ಉಳಿದಿತ್ತು. ಅತ್ತೆ ಅತ್ತ ಹೆಜ್ಜೆ ಹಾಕಿದ್ದೇ ತಡ, ಕಾಲಡಿಯ ಮಣ್ಣು ಕುಸಿಯಿತು. ಸೊಸೆ ಅವಳ ಸೊಂಟಕ್ಕೆ ಕೈಹಾಕಿ ಎಳೆದು ದೋಣಿಗೆ ಕೆಡವಿದಳು. ಹಿಂದೆ ಬದು, ಆ ಮೂಲೆ, ಮಡಿ ಎಲ್ಲ ಹೊಳೆಪಾಲಾಯಿತು. ದಡ ಸೇರುವವರೆಗೂ ಅತ್ತೆ ಸೊಸೆಯ ಸೆರಗು ಬಿಡಲಿಲ್ಲ.

ಭತ್ತ ಒಣಗಿದ ಮೇಲೆ ಒಂದು ಹಿಡಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಸೊಸೆ ಗಳಿಗೆಗೊಮ್ಮೆ ಬಿಚ್ಚಿ ನೋಡುವಳು.

"ಹಾಗೆ ಇಣುಕ್ತಾ ಇದ್ರೆ ಮೊಳಕೆ ನಾಚ್ಕೊಂಡು ಒಳಗೇ ಕೂರುತ್ತೆ," ಎಂದು ಅತ್ತೆ ಬೈದಳು. ಆದರೆ ಸೊಸೆ ಕೊಟ್ಟಿಗೆಗೆ ಹೋದಾಗ ತಾನೂ ಬಿಚ್ಚಿ ನೋಡಿದಳು.

ಕೊನೆಗೆ ಹಿಡಿಯಲ್ಲಿ ಅರ್ಧಕ್ಕಿಂತ ಕಡಿಮೆ ಕಾಳು ಬಿಳಿ ಬೇರು ಬಿಟ್ಟಿದ್ದವು. ಅತ್ತೆ ಅವನ್ನು ಅಂಗೈಯಲ್ಲಿ ಬಹಳ ಹೊತ್ತು ಹಿಡಿದಿದ್ದಳು.

"ಬಿತ್ತೋಕೆ ಜಾಗ ನೀನೇ ನೋಡು," ಎಂದಳು. "ಹೊಳೆ ನಂಗಿಂತ ನಿಂಗೆ ಚೆನ್ನಾಗಿ ಗೊತ್ತು."

ಸೊಸೆ ಮೇಲಿನ ದಿಣ್ಣೆ ತೋರಿಸಿದಳು.

"ಅಲ್ಲಿಗೆ ನೀರು ಹೊರೋರು ಯಾರು, ನಿಮ್ಮಪ್ಪನಾ?"

"ನಿಮ್ಮ ಮಗ," ಎಂದು ಸೊಸೆ ಗುದ್ದಲಿ ಎತ್ತಿಕೊಂಡಳು.