ಅಪ್ಪಣೆ ಕೊಟ್ಟವನು

ತಪ್ಪು ನನ್ನದೇ. ಆದರೆ ಅದರಲ್ಲಿ ಆ ಬೆತ್ತದ ಕುರ್ಚಿಯದೂ ಸ್ವಲ್ಪ ಪಾಲಿದೆ.

ನಾನು ಮನೆಗಳಿಗೆ ಬಣ್ಣ ಬಳಿಯುವವನು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಕೈ ಬಗ್ಗೆ ಯಾರೂ ದೂರು ಹೇಳಿದ್ದಿಲ್ಲ. ಬಾಯಿಯ ಮಾತು ಬೇರೆ. ಹಿಂದಿನ ಎರಡು ಕೆಲಸ ಈ ಬಾಯಿಯಿಂದಲೇ ಕೈತಪ್ಪಿದವು. ಒಂದು ಕಡೆ ಮನೆಯೊಡತಿ ಹಸಿ ಗೋಡೆಗೆ ದಿನಕ್ಕೆ ನಾಲ್ಕು ಸಲ ಬೆರಳಿಟ್ಟು ಒಣಗಿದೆಯಾ ಎಂದು ನೋಡುತ್ತಿದ್ದಳು. ಐದನೇ ಸಲಕ್ಕೆ ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ. ಹಾಗಾಗಿ ಈ ಕಣಿವೆಯ ಕೆಲಸ ಸಿಕ್ಕಾಗ ನನ್ನ ಹೆಂಡತಿ ಬಸ್ ನಿಲ್ದಾಣದವರೆಗೂ ಜೊತೆಗೆ ಬಂದಳು.

"ಅಲ್ಲಿ ಬಾಯಿ ಬಿಡ್ಬೇಡಿ. ಬಣ್ಣ ಬಳೀರಿ, ಬನ್ನಿ. ಇದೂ ಹೋಯ್ತು ಅಂದ್ರೆ ನಾನು ತವರಿಗೆ ಹೋಗ್ತೀನಿ. ನೀವು ನಿಮ್ಮ ಏಣಿ ಜೊತೆ ಸಂಸಾರ ಮಾಡ್ಕೊಳ್ಳಿ" ಎಂದಳು. ತಮಾಷೆಗೆ ಹೇಳಿದ ಹಾಗೆ ಕಾಣಲಿಲ್ಲ.

ಕೆಲಸ ಬಿಡುವಂಥದ್ದಲ್ಲ. ಮಾಲೀಕ ಲಿಫ್ಟ್ ಕಂಪನಿಯೊಂದರ ದೊಡ್ಡ ಎಂಜಿನಿಯರು. ಕಣಿವೆಯಲ್ಲಿರುವ ಈ ನಾಲ್ಕು ಕೋಣೆಯ ಮನೆ ಅವನಿಗೆ ಒಪ್ಪಿಗೆಯಾದರೆ, ಪೇಟೆಯಲ್ಲಿರುವ ಅವರ ಆಫೀಸಿನ ನಾಲ್ಕು ಮಹಡಿಯೂ ನನಗೇ ಎಂದಿದ್ದ. ಒಂದು ವರ್ಷ ನಿಶ್ಚಿಂತೆ. ಮೊದಲ ದಿನ ಅವನು ನನ್ನಿಂದ ಮಾಡಿಸಿದ್ದು ಗೇಟಿನ ಫಲಕ. 'ಖಾಸಗಿ ಜಾಗ. ಮಾಲೀಕರ ಅಪ್ಪಣೆ ಇಲ್ಲದೆ ಒಳಗೆ ಬರಕೂಡದು' ಎಂದು ಕೆಂಪು ಅಕ್ಷರದಲ್ಲಿ ನಾನೇ ಬರೆದೆ.

"ಜಾಗ ಚೆನ್ನಾಗಿದೆ ಅಂತ ವಾರಕ್ಕೊಬ್ಬರು ಟೆಂಟ್ ಹೊತ್ಕೊಂಡು ನುಗ್ತಾರೆ. ಒಬ್ಬರನ್ನೂ ಬಿಡ್ಬೇಡ. ಬಿಟ್ಟೆ ಅಂತ ಗೊತ್ತಾದ್ರೆ ಅವತ್ತೇ ನೀನು ಗಂಟು ಕಟ್ಟು" ಎಂದು ಹೇಳಿ ಅವನು ಕಾರು ಹತ್ತಿ ಹೋದ. ಮತ್ತೆ ಬರುವುದು ಈ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಎಂದಿದ್ದ.

ಜಾಗ ಚೆನ್ನಾಗಿದೆ, ಸುಳ್ಳಲ್ಲ. ಮೂರು ಕಡೆ ಬೆಟ್ಟ. ಮನೆಯ ಮುಂದಿನಿಂದ ಹುಲ್ಲು ಇಳಿಜಾರಾಗಿ ಹೊಳೆಯವರೆಗೆ ಹೋಗುತ್ತದೆ. ಆದರೆ ಫೋನ್ ಹಿಡಿಯುವುದಿಲ್ಲ. ಹನ್ನೊಂದು ದಿನ ನಾನು ಮಾತಾಡಿದ್ದು ಗೋಡೆಯ ಬಿರುಕಿಗೆ ಮೆತ್ತುವ ಪುಟ್ಟಿಯ ಡಬ್ಬಿಯ ಜೊತೆ.

ಹನ್ನೊಂದನೆಯ ದಿನ, ಗುರುವಾರ, ಕೆಲಸದ ಬಟ್ಟೆ ಒಗೆದು ಹಾಕಿದ್ದೆ. ಮೈಮೇಲೆ ಇದ್ದದ್ದು ನನ್ನ ಹತ್ತಿರವಿದ್ದ ಒಂದೇ ಒಂದು ಇಸ್ತ್ರಿ ಅಂಗಿ. ಮಾಲೀಕನ ಬೆತ್ತದ ಕುರ್ಚಿಯನ್ನು ವರಾಂಡಕ್ಕೆ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಟೀ ಕುಡಿಯುತ್ತಿದ್ದೆ. ಗೇಟಿನ ಹತ್ತಿರ ಹಳೆಯ ಕಾರೊಂದು ನಿಂತಿತು. ವಯಸ್ಸಾದ ಗಂಡ ಹೆಂಡತಿ ಇಳಿದರು. ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದು ಬಂದು ಮೆಟ್ಟಿಲ ಕೆಳಗೇ ನಿಂತಳು.

"ಯಜಮಾನ್ರೇ, ಈ ಜಾಗ ನಿಮ್ದಾ?"

ಅಲ್ಲ ಎನ್ನಬೇಕಿತ್ತು. ಒಂದೇ ಮಾತು. ಆದರೆ ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಯಜಮಾನ ಎಂದದ್ದಿಲ್ಲ. ಬಾಯಿ ಯೋಚಿಸುವುದರೊಳಗೆ ಕತ್ತು ಹೌದು ಎಂದು ಆಡಿಬಿಟ್ಟಿತು.

"ಎರಡು ದಿನ ಇಲ್ಲಿ ಟೆಂಟ್ ಹಾಕ್ಕೊಂಡಿರ್ಬಹುದಾ? ನೀವು ಬೇಡ ಅಂದ್ರೆ ಹೀಗೇ ವಾಪಸ್ ಹೋಗ್ತೀವಿ. ಬೇಜಾರೇನಿಲ್ಲ."

ಪಾಠ ಒಪ್ಪಿಸಿದ ಹಾಗೆ ಹೇಳಿದಳು. ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಶನಿವಾರ ಬೆಳಿಗ್ಗೆ ಇವರು ಹೊರಟರೆ ಭಾನುವಾರ ಬರುವ ಮಾಲೀಕನಿಗೆ ಗೊತ್ತಾಗುವುದು ಹೇಗೆ?

"ಧಾರಾಳವಾಗಿ ಹಾಕ್ಕೊಳ್ಳಿ" ಎಂದೆ, ಗಂಟಲನ್ನು ಆದಷ್ಟು ಗಟ್ಟಿ ಮಾಡಿಕೊಂಡು.

ಅಷ್ಟಕ್ಕೇ ಆ ಹೆಂಗಸಿನ ಕಣ್ಣು ತುಂಬಿ ಬಂತು. ನಾನು ಕಕ್ಕಾಬಿಕ್ಕಿಯಾದೆ. ಎರಡು ಮಾರು ಹುಲ್ಲಿನ ಜಾಗಕ್ಕೆ ಯಾರಾದರೂ ಅಳುತ್ತಾರೆಯೇ?

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಆಕೆ ಪ್ರತಿಯೊಂದಕ್ಕೂ ಅಪ್ಪಣೆ ಕೇಳತೊಡಗಿದಳು. "ಯಜಮಾನ್ರೇ, ನಲ್ಲಿಯಿಂದ ನೀರು ಹಿಡ್ಕೋಬಹುದಾ?" "ಯಜಮಾನ್ರೇ, ಆ ಬಂಡೆ ಮೇಲೆ ಟವೆಲ್ ಒಣಗಿಸ್ಬಹುದಾ?" "ಬಂಡೆ ಮೇಲೆ ಕೂತ್ಕೋಬಹುದಾ?" ನಾನು ಏಣಿಯ ಮೇಲೆ ಇದ್ದರೂ ಸರಿ, ತಿನ್ನರಿನಲ್ಲಿ ಕೈ ಅದ್ದಿಕೊಂಡಿದ್ದರೂ ಸರಿ, ಎದುರು ಬಂದು ಕೈಕಟ್ಟಿ ನಿಲ್ಲುತ್ತಿದ್ದಳು. ಮಾಲೀಕನೇ ಯಾಕೆ ಏಣಿ ಹತ್ತಿದ್ದಾನೆ ಎಂದು ಮಾತ್ರ ಕೇಳಲಿಲ್ಲ. ಕೇಳದಿದ್ದರೂ ನಾನೇ ಹೇಳಿದೆ, "ನನ್ನ ಮನೆಗೆ ನಾನೇ ಬಣ್ಣ ಬಳಿಯೋದು ಅಂದ್ರೆ ನಂಗೊಂಥರಾ ಖುಷಿ."

"ಒಳ್ಳೇ ಅಭ್ಯಾಸ" ಎಂದಳು, ಮುಗುಮ್ಮಾಗಿ.

ಸರಿ, ವಿನಯದ ಹೆಂಗಸು ಎಂದುಕೊಳ್ಳೋಣ ಎಂದರೆ, ಅದೂ ಅಲ್ಲ. ಗಂಡನ ಮುಂದೆ ಆಕೆಯ ವರಸೆಯೇ ಬೇರೆ. ಅವನದು ಗಡಿಯಾರ ರಿಪೇರಿ ಕೆಲಸವಂತೆ. ಟೆಂಟಿನ ಗೂಟಗಳನ್ನೂ ಸಣ್ಣ ಮೊಳೆಗಳ ಹಾಗೆ ಸಾಲಾಗಿ ಜೋಡಿಸಿಕೊಂಡು ಕೂತಿದ್ದ. "ಹಾಗಲ್ಲ ಹೊಡೆಯೋದು. ಬಿಡಿ ಇತ್ಲಾಗೆ" ಎಂದು ಸುತ್ತಿಗೆ ಕಿತ್ತುಕೊಂಡು ತಾನೇ ಎಂಟೂ ಗೂಟ ಬಡಿದಳು. ಅವನ ಮಫ್ಲರ್ ಅವಳೇ ಸುತ್ತಿದಳು, ಅವನ ಬ್ರೆಡ್ಡಿಗೆ ಎಷ್ಟು ಬೆಣ್ಣೆ ಎಂದು ಅವಳೇ ನಿರ್ಧರಿಸಿದಳು. ಅಪ್ಪಣೆಯೆಲ್ಲ ನನ್ನ ಹತ್ತಿರ ಮಾತ್ರ.

ಶುಕ್ರವಾರ ನಾನು ಮುಂದಿನ ಕಿಟಕಿಗೆ ಹಸಿರು ಹೊಡೆಯುತ್ತಿದ್ದಾಗ ಹಿಂದಿನಿಂದ ಬಂತು ಆ ಧ್ವನಿ. "ಬಿಳಿ ಕಿಟಕಿಗೆ ಯಾರಾದ್ರೂ ಹಸಿರು ಬಳೀತಾರಾ? ತೆಗೀರಿ ಅದನ್ನ." ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಲ್ಲ, ಹಸಿರು ಯಾಕೆ ಅಂತ ಕೇಳ್ಬಹುದಾ?"

ಆ ಕಿಟಕಿಯ ಹಳೆಯ ಬಣ್ಣವನ್ನು ನಾನು ವಾರದ ಹಿಂದೆಯೇ ಉಪ್ಪುಕಾಗದ ಹಾಕಿ ಉಜ್ಜಿ ತೆಗೆದಿದ್ದೆ. ಬಿಳಿ ಇತ್ತು ಎಂದು ಇವಳಿಗೆ ಹೇಗೆ ಗೊತ್ತು? ಸಂಜೆ ಅಡುಗೆಮನೆಯಿಂದ ಬೆಂಕಿಪೊಟ್ಟಣ ತರಲೇ ಎಂದು ಕೇಳಿ ಒಳಗೆ ಹೋದವಳು, ಹೊಸ್ತಿಲಾಚೆಯ ತಗ್ಗನ್ನು ನೋಡದೆಯೇ ದಾಟಿದಳು. ಹನ್ನೆರಡು ದಿನದಿಂದ ಅಲ್ಲಿ ಎಡವುತ್ತಿರುವವನು ನಾನು.

ಮಾಲೀಕನೇ ನನ್ನನ್ನು ಪರೀಕ್ಷಿಸಲು ಕಳಿಸಿದ್ದಾನೆ ಎಂಬುದು ನನ್ನ ಮೊದಲ ಗುಮಾನಿ. ಮನೆ ಕೊಳ್ಳಲು ಬಂದವಳು ಎಂಬುದು ಎರಡನೆಯದು. ಹಾಗಿದ್ದರೆ ಅಳು ಯಾಕೆ, ಹುಲ್ಲಿನ ಮೇಲೆ ಮಲಗುವುದು ಯಾಕೆ? ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಹೊಳೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಗಡಿಯಾರದವನನ್ನು ಹಿಡಿದೆ.

"ನಿಮ್ಮ ಮನೆಯವರು ಇಲ್ಲಿಗೆ ಯಾಕೆ ಬಂದಿದ್ದಾರೆ, ನಿಜ ಹೇಳಿ."

"ಕೇಳೋಕೆ" ಎಂದ ಅವನು.

"ಏನನ್ನ ಕೇಳೋಕೆ?"

"ಏನನ್ನ ಅಂತಲ್ಲ. ಕೇಳೋದನ್ನ ಕಲೀತಿದ್ದಾಳೆ. ನನಗೆ ಇದಕ್ಕಿಂತ ಹೆಚ್ಚು ಗೊತ್ತಿಲ್ಲ ಸ್ವಾಮಿ. ನಾನು ಟೆಂಟ್ ಹೊರೋನು" ಎಂದು ಅವನು ಚಮಚೆಯನ್ನು ಬೆಳಕಿಗೆ ಹಿಡಿದು ನೋಡತೊಡಗಿದ.

ಶನಿವಾರ ಬೆಳಿಗ್ಗೆ ಎದ್ದವನೇ ಹಿಂದಿನ ಕೋಣೆಗೆ ಎರಡನೆಯ ಕೋಟ್ ಹೊಡೆದು ಮುಗಿಸಿದೆ. ಇವರು ಹೊರಡುವ ಲಕ್ಷಣವೇ ಕಾಣಲಿಲ್ಲ. ನೇರವಾಗಿ ಟೆಂಟಿನ ಮುಂದೆ ಹೋಗಿ ನಿಂತೆ.

"ಅಮ್ಮಾ, ನಾನು ಮಾಲೀಕ ಅಲ್ಲ. ಬಣ್ಣದೋನು. ಸುಳ್ಳು ಹೇಳಿದೆ, ತಪ್ಪಾಯ್ತು. ದಯವಿಟ್ಟು ಹೊರಡಿ. ಮಾಲೀಕರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ, ಕೆಲಸ ಹೋದ್ರೆ ಹೆಂಡ್ತೀನೂ ಹೋಗ್ತಾಳೆ."

"ಗೊತ್ತು" ಎಂದಳು. "ಮೊದಲನೇ ದಿನಾನೇ ನಿಮ್ಮ ಉಗುರು ನೋಡಿದೆ. ಸುಣ್ಣ, ಪುಟ್ಟಿ, ಎಲ್ಲ ಇತ್ತು."

"ಮತ್ತೆ ಯಾಕೆ ನನ್ನ ಕೇಳಿದ್ರಿ?"

"ಇದರ ಮಾಲೀಕ ನನ್ನ ತಮ್ಮ" ಎಂದು ಆಕೆ ಹುಲ್ಲಿನ ಮೇಲೆ ಕೂತಳು. ನನಗೂ ಕೂರಲು ಹೇಳಿದಳು. ಕೂತೆ.

ಅಮ್ಮ ಸತ್ತಾಗ ಅವನಿಗೆ ಆರು ವರ್ಷ, ಇವಳಿಗೆ ಹದಿನೇಳು. ಇದೇ ಮನೆಯಲ್ಲಿ ಬೆಳೆಸಿದಳು. ಯಾವ ಶಾಲೆ, ಯಾವ ಓದು, ಯಾವ ಅಂಗಿ, ಎಲ್ಲ ಇವಳದೇ ತೀರ್ಮಾನ. ಅವನಿಗೆ ಮರಗೆಲಸ ಕಲಿಯುವ ಆಸೆ ಇತ್ತು. ಇವಳು ಎಂಜಿನಿಯರಿಂಗಿಗೆ ಸೇರಿಸಿ ಬಂದ ಮೇಲೆ ಅವನಿಗೆ ತಿಳಿಸಿದಳು. ಏಳು ವರ್ಷದ ಹಿಂದೆ ಈ ಜಾಗದಲ್ಲಿದ್ದ ತನ್ನ ಪಾಲನ್ನೂ ಅವನ ಹೆಸರಿಗೆ ಬರೆದುಕೊಟ್ಟಳು. ಅದನ್ನೂ ಅವನಿಗೆ ಹೇಳದೆ.

"ಖುಷಿ ಪಡ್ತಾನೆ ಅಂದ್ಕೊಂಡೆ. ಕಾಗದ ನೋಡಿ ಕೂಗಾಡಿದ. ಕೊಡೋವಾಗ್ಲೂ ನನ್ನ ಕೇಳಲ್ವಲ್ಲ ನೀನು, ಇದು ನಂದೇ ಆಗಿದ್ರೆ ಇನ್ಮೇಲೆ ನನ್ನ ಅಪ್ಪಣೆ ಕೇಳಿ ಒಳಗೆ ಬಾ ಅಂದ. ಎತ್ತಿ ಆಡಿಸಿದ ಹುಡುಗನ ಹತ್ರ ನಾನು ಅಪ್ಪಣೆ ಕೇಳ್ಬೇಕಾ ಅಂತ ನಾನೂ ಹಟ ಹಿಡಿದೆ. ಈಗ ಹಟ ಸಾಕಾಗಿದೆ. ಆದ್ರೆ ಫೋನ್ ಕೈಗೆ ತಗೊಂಡ್ರೆ ಬಾಯಲ್ಲಿ ಆ ಮಾತೇ ಬರಲ್ಲ. ಅದಕ್ಕೇ, ಯಾರ ಹತ್ರ ಆದ್ರೂ ಸರಿ, ಈ ನೆಲದ ಮೇಲೆ ನಿಂತು ಕೇಳಿ ನೋಡೋಣ ಅಂತ ಬಂದೆ."

ನನಗೆ ಪಾಪ ಎನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು ಮೈಯೆಲ್ಲ ಉರಿಯಿತು.

"ನಿಮ್ಮ ಅಭ್ಯಾಸಕ್ಕೆ ನನ್ನ ಅನ್ನಾನೇ ಬೇಕಿತ್ತಾ? ನೀವು ಕಲಿತು ಹೋಗ್ತೀರ, ನಾನು ಗಂಟು ಕಟ್ತೀನಿ. ಇದನ್ನ ಮಾತ್ರ ನನ್ನ ಕೇಳ್ಲಿಲ್ಲವಲ್ಲ ನೀವು."

ಆಕೆಯ ಮುಖ ಚಿಕ್ಕದಾಯಿತು. "ನಿಜ" ಎಂದಳು. "ಮತ್ತೆ ಅದೇ ಮಾಡ್ದೆ." ಎದ್ದು ಗಂಡನನ್ನು ಕರೆದು ಟೆಂಟು ಬಿಚ್ಚಲು ಹೇಳಿದಳು. ಎರಡು ಗೂಟ ಕಿತ್ತಿದ್ದರೋ ಇಲ್ಲವೋ, ಗೇಟಿನಲ್ಲಿ ಮಾಲೀಕನ ಕಾರು ನಿಂತಿತು. ಭಾನುವಾರ ಎಂದವನು ಶನಿವಾರವೇ ಬಂದಿದ್ದ.

ಅವನು ಟೆಂಟು ನೋಡಿದ, ನನ್ನನ್ನು ನೋಡಿದ, ಕೊನೆಗೆ ಅಕ್ಕನನ್ನು ನೋಡಿದ.

"ಯಾರು ಬಿಟ್ಟಿದ್ದು ಒಳಗೆ?"

"ನಾನು ಸಾರ್" ಎಂದೆ. "ಕೇಳಿದ್ರು, ಹೂಂ ಅಂದೆ."

"ಕೇಳಿದ್ಳಾ?" ಎಂದು ಅವನು ನನ್ನ ಮುಖವನ್ನೇ ನೋಡಿದ. "ಇವಳು? ನಿನ್ನ ಹತ್ರ?" ಅವನ ಧ್ವನಿ ಏರಿತು. ಅದು ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ, ಬಹುಶಃ ಅವನಿಗೂ ತಿಳಿಯಲಿಲ್ಲ. "ಐವತ್ತು ವರ್ಷದಲ್ಲಿ ನನ್ನ ಹತ್ರ ಒಂದು ಸಲ ಕೇಳ್ದೋಳಲ್ಲ. ಬಣ್ಣದೋನ ಹತ್ರ ಕೇಳಿದ್ಳಾ. ಸರಿ, ನೀನು ಹೊರಡು. ಸಾಮಾನು ತಗೊಂಡು ಇವತ್ತೇ ಹೊರಡು."

"ಅವನ ತಪ್ಪಿಲ್ಲ, ಅವನನ್ನ ಕಳಿಸ್ಬೇಡ" ಎಂದಳು ಅಕ್ಕ.

"ನೋಡು, ಮತ್ತೆ ಶುರು."

ಆಕೆ ನಿಂತಲ್ಲೇ ಎರಡು ಕೈಯನ್ನೂ ಒಂದಕ್ಕೊಂದು ಹಿಡಿದುಕೊಂಡಳು. "ಅವನನ್ನ ಇಟ್ಕೊಳ್ತೀಯಾ? ನಾವೂ ಇವತ್ತೊಂದು ದಿನ ಇಲ್ಲೇ ಇರ್ಬಹುದಾ? ನಿನ್ನ ಕೇಳ್ತಿದ್ದೀನಿ."

ಗಡಿಯಾರದವನು ಗೂಟ ಕೀಳುವುದನ್ನು ನಿಲ್ಲಿಸಿದ.

"ಆಗಲ್ಲ" ಎಂದ ತಮ್ಮ. "ಎರಡೂ ಆಗಲ್ಲ."

"ಸರಿ" ಎಂದಳು ಅಕ್ಕ.

ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ಬಗ್ಗಿ ಟೆಂಟಿನ ಬಟ್ಟೆ ಮಡಿಸಿದಳು. ನನ್ನ ಹತ್ತಿರ ಬಂದು, "ನಿಮ್ಮ ಕೆಲಸ ಕಳೆದೆ, ಕ್ಷಮಿಸಿ" ಎಂದಳು. ಕಾರು ಗೇಟು ದಾಟಿ, ಸುತ್ತಿ ಸುತ್ತಿ ಇಳಿಯುವ ಕಲ್ಲು ರಸ್ತೆಯಲ್ಲಿ ಮೆಲ್ಲಗೆ ಹೊರಟಿತು.

ನಾನು ಬ್ರಷ್ಷುಗಳನ್ನು ತೊಳೆಯತೊಡಗಿದೆ. ಹೆಂಡತಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿ ಕುದಿಯುತ್ತಿತ್ತು. ಮಾಲೀಕ ಬೋರಲು ಹಾಕಿದ್ದ ಡಬ್ಬಿಯ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದ.

"ಹೋಗ್ಬಿಟ್ಳಲ್ಲ" ಎಂದ.

"ನೀವು ಆಗಲ್ಲ ಅಂದ್ರಿ, ಹೋದ್ರು."

"ಜಗಳ ಆಡ್ತಾಳೆ ಅಂದ್ಕೊಂಡಿದ್ದೆ. ಆಗಲ್ಲ ಅಂದ್ರೆ ಆಗತ್ತೆ ಕಣೋ ಅಂತ ಬೈದು, ತಾನೇ ಒಳಗೆ ಹೋಗಿ ಟೀ ಕಾಯಿಸ್ತಾಳೆ ಅಂದ್ಕೊಂಡೆ. ನನ್ನ ಮಾತನ್ನ ಅವಳು ಯಾವತ್ತು ಕೇಳಿದ್ದಾಳೆ?"

"ಇವತ್ತು ಕೇಳಿದ್ರಲ್ಲ ಸಾರ್."

ಅವನು ನನ್ನ ಕಡೆ ತಿರುಗಿದ. ಕೆಲಸ ಹೇಗೂ ಹೋಗಿತ್ತು. ಬಾಯಿಗೆ ಬೀಗ ಹಾಕಿ ಇನ್ನೇನು ಪ್ರಯೋಜನ?

"ಎರಡು ದಿನ ಆಯಮ್ಮ ನನ್ನಂಥೋನ ಮುಂದೆ ಕೈಕಟ್ಟಿ, ನೀರು ಹಿಡ್ಕೊಳ್ಳಲಾ, ಕಲ್ಲಿನ ಮೇಲೆ ಕೂರಲಾ ಅಂತ ಕೇಳ್ಕೊಂಡು ಓಡಾಡಿದ್ರು. ನಿಮ್ಮ ಮುಂದೆ ಮಾತು ಬರ್ಲಿ ಅಂತ. ಅಷ್ಟು ಕಷ್ಟಪಟ್ಟು ಕಲಿತು ಕೇಳಿದ್ದಕ್ಕೆ ನೀವು ಒಂದೇ ಮಾತಲ್ಲಿ ಮುಗಿಸಿದ್ರಿ. ಇನ್ನೊಂದ್ಸಲ ಕೇಳಲ್ಲ ಅವರು, ಬರೆದಿಟ್ಕೊಳ್ಳಿ. ಜಾಗ ಈಗ ಪೂರ್ತಿ ನಿಮ್ದೇ, ಕೂತ್ಕೊಳ್ಳಿ."

ಹೊಡೆಯುತ್ತಾನೆ ಎಂದೇ ಎಣಿಸಿದೆ. ಅವನು ಎದ್ದ. ಕಾರಿನ ಕಡೆ ಎರಡು ಹೆಜ್ಜೆ ಇಟ್ಟು, ನಿಂತು, ಹುಲ್ಲಿನ ಇಳಿಜಾರಿನಲ್ಲಿ ನೇರ ಕೆಳಗಿನ ರಸ್ತೆಗೆ ಇಳಿಯುವ ಕಾಲುದಾರಿಗೆ ತಿರುಗಿದ. ಮೊದಲು ನಡೆದ, ಆಮೇಲೆ ಓಡಿದ. ಐವತ್ತು ದಾಟಿದ ಭಾರೀ ಮೈಯ ಮನುಷ್ಯ, ಹೊಳೆಯುವ ಬೂಟು ಹಾಕಿಕೊಂಡು, ಅಕ್ಕಾ ಎಂದು ಕೂಗುತ್ತಾ ಓಡುತ್ತಿದ್ದ. ಅರ್ಧ ದಾರಿಯಲ್ಲಿ ನಿಂತು ನನ್ನ ಕಡೆ ತಿರುಗಿದ.

"ಏನಪ್ಪಾ, ಯಾವ ಕೋಣೆ ಒಣಗಿದೆ? ಅವಳನ್ನ ಎಲ್ಲಿ ಮಲಗಿಸ್ಲಿ?"

"ಹಿಂದಿನದು" ಎಂದು ಕೂಗಿದೆ.

ನನಗೆ ಕೆಲಸ ಇದೆಯೋ ಇಲ್ಲವೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಬೆಳಿಗ್ಗೆ ಬಳಿದ ಹಿಂದಿನ ಕೋಣೆಯ ಗೋಡೆ ಇನ್ನೂ ಹಸಿಯಾಗಿಯೇ ಇತ್ತು. ಬಾಗಿಲು ಕಿಟಕಿಯನ್ನೆಲ್ಲ ತೆರೆದಿಟ್ಟು, ರಟ್ಟಿನ ತುಂಡೊಂದನ್ನು ಹಿಡಿದು ಗೋಡೆಗೆ ಗಾಳಿ ಹಾಕುತ್ತಾ ನಿಂತೆ.